ಬಿಸಿಲಿನಲ್ಲಿ 113 ಕಿಲೋಮೀಟರ್: ಅರ್ಧ ಟ್ರಯಥ್ಲಾನ್‌ಗೆ ಹೊರಡುವ ಮುನ್ನ

ಈಜು, ಸೈಕಲ್ ಮತ್ತು ಓಟ. ಈ ಮೂರನ್ನೂ ಒಂದರ ಹಿಂದೆ ಒಂದರಂತೆ, ಗಡಿಯಾರ ನಿಲ್ಲಿಸದೆ ಮುಗಿಸುವ ಸ್ಪರ್ಧೆಗೆ ಟ್ರಯಥ್ಲಾನ್ ಎಂದು ಹೆಸರು. ಕೆಲವು ವರ್ಷಗಳ ಹಿಂದಿನ ತನಕ ನಮ್ಮಲ್ಲಿ ಹೆಚ್ಚಿನವರಿಗೆ ಇದು ಟಿವಿಯಲ್ಲಿ ನೋಡುವ ಸಂಗತಿಯಾಗಿತ್ತು. 2019ರ ಅಕ್ಟೋಬರ್‌ನಲ್ಲಿ ಗೋವಾದ ಪಣಜಿಯ ಮಿರಾಮಾರ್ ಕಡಲತೀರದಲ್ಲಿ ಐರನ್‌ಮ್ಯಾನ್ 70.3 ಎಂಬ ಅರ್ಧ ದೂರದ ಸ್ಪರ್ಧೆ ಮೊದಲ ಬಾರಿಗೆ ನಡೆಯಿತು. ಕೋವಿಡ್‌ನಿಂದಾಗಿ ಎರಡು ವರ್ಷ ನಿಂತು, 2022ರಿಂದ ಮತ್ತೆ ನಡೆಯುತ್ತಿದೆ. ಕರಾವಳಿ ಕರ್ನಾಟಕಕ್ಕೆ ಇದು ಒಂದು ರಾತ್ರಿಯ ಪ್ರಯಾಣದಷ್ಟೇ ದೂರ. ಹಾಗಾಗಿ ನಮ್ಮ ಮನೆಗಳ ಯುವಕರು, ನಲವತ್ತು ದಾಟಿದ ಉದ್ಯೋಗಿಗಳು, ಕೆಲವು ಸಹೋದರಿಯರು ಕೂಡ ಇದರ ಮಾತಾಡತೊಡಗಿದ್ದಾರೆ.

ನಿಮ್ಮ ಮನೆಯಲ್ಲೂ ಒಬ್ಬರು ಹೆಸರು ನೋಂದಾಯಿಸಲು ಹೊರಟಿರಬಹುದು. ಅದು ನೀವೇ ಆಗಿರಬಹುದು, ಅಥವಾ ನಿಮ್ಮ ಮಗ, ಗಂಡ, ತಂಗಿ ಯಾರೇ ಆಗಿರಬಹುದು. ವ್ಯಾಯಾಮದ ಕಡೆಗೆ ಒಲವು ಬರುವುದು ಸಂತೋಷದ ವಿಷಯ. ಆದರೆ ಈ ಸ್ಪರ್ಧೆಯಲ್ಲಿ ದೂರಕ್ಕಿಂತ ದೊಡ್ಡ ಎದುರಾಳಿ ಒಂದಿದೆ. ಅದು ಬಿಸಿ. ಬಿಸಿಯನ್ನು ಅರಿಯದೆ ಹೋದವರು ಸೋತು ಮನೆಗೆ ಬರುವುದಷ್ಟೇ ಆದರೆ ಪರವಾಗಿಲ್ಲ. ಕೆಲವೊಮ್ಮೆ ಅದು ಪ್ರಾಣಕ್ಕೇ ಎರವಾಗುತ್ತದೆ. ಆದ್ದರಿಂದ ಮಾರ್ಗದಲ್ಲಿ ಏನೇನು ಕಾದಿದೆ, ದೇಹ ಹೇಗೆ ವರ್ತಿಸುತ್ತದೆ, ಮನೆಯವರು ಏನನ್ನು ಗಮನಿಸಬೇಕು ಎಂಬುದನ್ನು ಒಂದೊಂದಾಗಿ ನೋಡೋಣ.

ದೂರ ಎಷ್ಟು, ಸಮಯ ಎಷ್ಟು?

ಅರ್ಧ ದೂರ ಎಂಬ ಹೆಸರು ಕೇಳಿ ಸುಲಭವೆಂದು ಭಾವಿಸಬೇಡಿ. 1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್, 21.1 ಕಿ.ಮೀ. ಓಟ. ಒಟ್ಟು 113 ಕಿ.ಮೀ. ಇದನ್ನೇ ಮೈಲಿಯಲ್ಲಿ ಲೆಕ್ಕ ಹಾಕಿದರೆ 70.3 ಆಗುತ್ತದೆ, ಹೆಸರು ಬಂದಿರುವುದೂ ಅದರಿಂದಲೇ. ಪೂರ್ಣ ದೂರದ ಸ್ಪರ್ಧೆ 1978ರಲ್ಲಿ ಹವಾಯಿ ದ್ವೀಪದಲ್ಲಿ ಹದಿನೈದು ಮಂದಿಯಿಂದ ಆರಂಭವಾಯಿತು. ಅಂದು ಮುಗಿಸಿದವರು ಹನ್ನೆರಡೇ ಮಂದಿ.

ಇಂತಹ ಸ್ಪರ್ಧೆಗಳಲ್ಲಿ ಸಾಮಾನ್ಯವಾಗಿ ಈಜಿಗೆ 1 ಗಂಟೆ 10 ನಿಮಿಷ, ಒಟ್ಟು ಮುಗಿಸಲು ಎಂಟೂವರೆ ಗಂಟೆ ಗಡುವು ಇರುತ್ತದೆ. ಈಗ ಒಂದು ಲೆಕ್ಕ ಮಾಡಿ. ಹೊಸಬರೊಬ್ಬರು ಬೆಳಿಗ್ಗೆ 7ಕ್ಕೆ ನೀರಿಗಿಳಿಯುತ್ತಾರೆ. ಈಜಿಗೆ ಒಂದು ಗಂಟೆ. ಬಟ್ಟೆ, ಶೂ, ಹೆಲ್ಮೆಟ್ ಹಾಕಿಕೊಳ್ಳಲು ಐದು ನಿಮಿಷ. ಗಂಟೆಗೆ 25 ಕಿ.ಮೀ. ವೇಗದಲ್ಲಿ ಸೈಕಲ್ ತುಳಿದರೆ 3 ಗಂಟೆ 36 ನಿಮಿಷ. ಮತ್ತೆ ಐದು ನಿಮಿಷ ಬದಲಾವಣೆಗೆ. ಅಂದರೆ ಅವರು ಓಟ ಆರಂಭಿಸುವುದು ಬೆಳಿಗ್ಗೆ 11.46ಕ್ಕೆ. ಕಿಲೋಮೀಟರ್‌ಗೆ ಎಂಟು ನಿಮಿಷದಂತೆ ಓಡಿದರೂ ಮುಗಿಯುವಾಗ ಮಧ್ಯಾಹ್ನ 2.35.

ಈ ಲೆಕ್ಕದಲ್ಲಿ ಅಡಗಿರುವ ಸತ್ಯವನ್ನು ಗಮನಿಸಿ. ಐದು ಗಂಟೆಯೊಳಗೆ ಮುಗಿಸುವ ನುರಿತ ಸ್ಪರ್ಧಿ ನಡು ಮಧ್ಯಾಹ್ನಕ್ಕೆ ಮೊದಲೇ ನೆರಳಿನಲ್ಲಿ ಕುಳಿತಿರುತ್ತಾನೆ. ಹೊಸಬರು ಆಗಷ್ಟೇ ಓಟಕ್ಕೆ ಕಾಲಿಡುತ್ತಿರುತ್ತಾರೆ. ಸೂರ್ಯ ನೆತ್ತಿಯ ಮೇಲಿರುವ ಮೂರು ಗಂಟೆ ಪೂರ್ತಿ ಅವರ ಪಾಲಿಗೆ. ಅಂದರೆ ಸ್ಪರ್ಧೆಯ ಅತ್ಯಂತ ಕಠಿಣ ಬಿಸಿಲು ಬೀಳುವುದು ಬಲಿಷ್ಠರ ಮೇಲಲ್ಲ, ತಯಾರಿ ಕಡಿಮೆ ಇರುವವರ ಮೇಲೆ. ಉಳಿದೆಲ್ಲ ಎಚ್ಚರಿಕೆಗಳು ಹುಟ್ಟುವುದು ಇಲ್ಲಿಂದಲೇ.

ಅಕ್ಟೋಬರ್ ಎಂಬ ಎರಡನೇ ಬೇಸಿಗೆ

"ಅದು ಅಕ್ಟೋಬರ್-ನವೆಂಬರ್‌ನಲ್ಲಿ ನಡೆಯುವುದಲ್ಲವೇ, ಬೇಸಿಗೆ ಎಲ್ಲಿಯದು?" ಎಂದು ಕೆಲವರು ಕೇಳುವುದುಂಟು. ಕರಾವಳಿಯಲ್ಲಿ ಬದುಕುವವರಿಗೆ ಇದರ ಉತ್ತರ ಗೊತ್ತು. ಮಳೆ ಹಿಂದೆ ಸರಿದ ಮೇಲೆ ಮೋಡ ತೆರವಾಗುತ್ತದೆ, ನೆಲ ಇನ್ನೂ ಒದ್ದೆಯಾಗಿರುತ್ತದೆ, ಗಾಳಿಯಲ್ಲಿ ತೇವ ತುಂಬಿರುತ್ತದೆ. ಉಷ್ಣಾಂಶ 32 ಡಿಗ್ರಿಯ ಆಸುಪಾಸಿನಲ್ಲೇ ಇದ್ದರೂ ಮೈ ಒಣಗುವುದೇ ಇಲ್ಲ. ಏಪ್ರಿಲ್-ಮೇಯಲ್ಲಿ ಅಭ್ಯಾಸ ಮಾಡುವವರಿಗೂ ಇದೇ ಕಷ್ಟ.

ಏಕೆ ಹೀಗೆ? ನಮ್ಮ ಸ್ನಾಯುಗಳು ಸುಡುವ ಶಕ್ತಿಯಲ್ಲಿ ಚಲನೆಗೆ ಬಳಕೆಯಾಗುವುದು ಸುಮಾರು ಕಾಲು ಭಾಗ ಅಥವಾ ಅದಕ್ಕಿಂತ ಕಡಿಮೆ. ಉಳಿದದ್ದೆಲ್ಲ ಬಿಸಿಯಾಗಿ ಮೈಯೊಳಗೇ ಉಳಿಯುತ್ತದೆ. ಅದನ್ನು ಹೊರಹಾಕುವ ಮುಖ್ಯ ದಾರಿ ಬೆವರು. ಒಂದು ಲೀಟರ್ ಬೆವರು ಆವಿಯಾದರೆ ಸುಮಾರು 580 ಕಿಲೋ ಕ್ಯಾಲರಿಯಷ್ಟು ಬಿಸಿಯನ್ನು ಕೊಂಡೊಯ್ಯುತ್ತದೆ. ಆದರೆ ಇಲ್ಲಿ ಮುಖ್ಯವಾದ ಪದ 'ಆವಿಯಾದರೆ' ಎಂಬುದು. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಬೆವರು ಆವಿಯಾಗದೆ ತೊಟ್ಟಿಕ್ಕಿ ನೆಲಕ್ಕೆ ಬೀಳುತ್ತದೆ. ನೀರೂ ಹೋಯಿತು, ಉಪ್ಪೂ ಹೋಯಿತು, ಮೈ ಮಾತ್ರ ತಂಪಾಗಲಿಲ್ಲ. ಒಣ ಹವೆಯ ಊರಿನಲ್ಲಿ 38 ಡಿಗ್ರಿಯಲ್ಲಿ ಓಡಿದವರು ಕರಾವಳಿಯ 32 ಡಿಗ್ರಿಯಲ್ಲಿ ತತ್ತರಿಸುವುದು ಈ ಕಾರಣದಿಂದ.

ಮೊದಲ ಹಂತ: ಕಡಲು

ಗೋವಾದಲ್ಲಿ ಈಜು ಅರಬ್ಬಿ ಕಡಲಿನಲ್ಲಿ. ನೀರು ಬೆಚ್ಚಗಿರುವುದರಿಂದ ಚಳಿ ದೇಶಗಳಲ್ಲಿ ಧರಿಸುವ ರಬ್ಬರಿನ ಈಜುಡುಗೆಯ ಅಗತ್ಯ ಬೀಳುವುದಿಲ್ಲ. ಆದರೆ ಆ ಉಡುಗೆ ದೇಹವನ್ನು ತೇಲಿಸುತ್ತದೆ ಎಂಬುದನ್ನು ಮರೆಯಬೇಡಿ. ಇಲ್ಲಿ ಆ ಆಸರೆ ಇಲ್ಲ; ನಿಮ್ಮ ಈಜೇ ನಿಮಗೆ ಆಸರೆ.

ಈಜುಕೊಳದಲ್ಲಿ ಎಪ್ಪತ್ತು ಸುತ್ತು ಹೊಡೆದವರಿಗೂ ಕಡಲು ಹೊಸದೇ. ಕೆಳಗೆ ಗೆರೆಯಿಲ್ಲ, ಕೈಗೆ ಸಿಗುವ ಗೋಡೆಯಿಲ್ಲ, ಅಲೆ ಬಂದಾಗ ಉಪ್ಪುನೀರು ಬಾಯಿಗೆ ನುಗ್ಗುತ್ತದೆ, ಪಕ್ಕದವರ ಕೈಕಾಲು ತಾಗುತ್ತದೆ. ಉಸಿರು ಕಟ್ಟಿದಂತಾಗಿ ಗಾಬರಿಯಾಗುವುದು ಇಲ್ಲಿಯೇ. ಅಮೆರಿಕದಲ್ಲಿ 1985ರಿಂದ 2016ರವರೆಗಿನ ಟ್ರಯಥ್ಲಾನ್‌ಗಳನ್ನು ಪರಿಶೀಲಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಹಠಾತ್ ಸಾವು, ಹೃದಯಸ್ತಂಭನ ಮತ್ತು ಗಾಯದಿಂದಾದ ಸಾವಿನ ಒಟ್ಟು 135 ಪ್ರಕರಣಗಳನ್ನು ದಾಖಲಿಸಿದೆ. ಅವುಗಳಲ್ಲಿ 90 ನಡೆದದ್ದು ಈಜಿನ ವೇಳೆ. ಬಲಿಯಾದವರಲ್ಲಿ ಶೇ. 85 ಮಂದಿ ಪುರುಷರು. ಸರಾಸರಿ ವಯಸ್ಸು 47ರ ಹತ್ತಿರ. ಒಂದು ಲಕ್ಷ ಸ್ಪರ್ಧಿಗಳಿಗೆ ಎರಡಕ್ಕಿಂತ ಕಡಿಮೆ ಎಂಬ ಪ್ರಮಾಣ ಸಣ್ಣದೇ. ಆದರೆ ಹಲವರಲ್ಲಿ ಮೊದಲೇ ಹೃದಯದ ತೊಂದರೆ ಇತ್ತು, ಅದು ಅವರಿಗೆ ಗೊತ್ತಿರಲಿಲ್ಲ ಎಂಬ ಅಂಶ ನಮ್ಮ ಕಣ್ಣು ತೆರೆಸಬೇಕು.

ಹಾಗಾಗಿ ನಲವತ್ತು ದಾಟಿದವರು, ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರು, ಧೂಮಪಾನ ಮಾಡುವವರು ಅಥವಾ ಮಾಡುತ್ತಿದ್ದವರು, ಮನೆತನದಲ್ಲಿ ಎಳೆ ವಯಸ್ಸಿನಲ್ಲೇ ಹಠಾತ್ತಾಗಿ ತೀರಿಕೊಂಡವರು ಇದ್ದವರು ಶುಲ್ಕ ಕಟ್ಟುವ ಮೊದಲು ಹೃದಯ ವೈದ್ಯರನ್ನು ಕಾಣಿ. ಇಸಿಜಿ, ಟ್ರೆಡ್‌ಮಿಲ್ ಪರೀಕ್ಷೆ ಬೇಕೇ ಎಂದು ಅವರು ಹೇಳುತ್ತಾರೆ. ಅಭ್ಯಾಸದ ವೇಳೆ ಎದೆ ಬಿಗಿದರೆ, ತಲೆಸುತ್ತಿ ಬಿದ್ದರೆ, ಎದೆ ವಿಪರೀತ ಹೊಡೆದುಕೊಂಡರೆ ಅದನ್ನು ಗ್ಯಾಸ್ ಎಂದು ತಳ್ಳಿಹಾಕಬೇಡಿ.

ನೀರಿನಲ್ಲಿ ಗಾಬರಿಯಾದರೆ ಅಂಗಾತ ಮಲಗಿ ತೇಲಿ, ಉಸಿರು ಹತೋಟಿಗೆ ಬರಲಿ. ಕೈಯೆತ್ತಿದರೆ ರಕ್ಷಣಾ ದೋಣಿಯವರು ಬರುತ್ತಾರೆ. ದೋಣಿಯನ್ನು ಹಿಡಿದು ಸುಧಾರಿಸಿಕೊಳ್ಳಲು ನಿಯಮದಲ್ಲಿ ಅವಕಾಶವಿದೆ. ಅದರ ಸಹಾಯದಿಂದ ಮುಂದೆ ಸಾಗಬಾರದು ಅಷ್ಟೇ. ಜೆಲ್ಲಿ ಮೀನು ತಾಗಿ ಉರಿ ಎದ್ದರೆ ಆ ಜಾಗವನ್ನು ಉಜ್ಜಬೇಡಿ, ಸಿಹಿನೀರು ಹಾಕಬೇಡಿ. ಕಡಲ ನೀರಿನಿಂದಲೇ ತೊಳೆದು ದಡದಲ್ಲಿರುವ ವೈದ್ಯಕೀಯ ತಂಡಕ್ಕೆ ತೋರಿಸಿ.

ಎರಡನೇ ಹಂತ: ಮೋಸ ಮಾಡುವ ಗಾಳಿ

ಸೈಕಲ್ ಏರಿದೊಡನೆ ಹಾಯೆನಿಸುತ್ತದೆ. ಎದುರು ಗಾಳಿ ಬೆವರನ್ನು ಒಣಗಿಸುತ್ತದೆ. ಮೈ ಬೆವರಿಲ್ಲವಲ್ಲ, ನೀರು ಏಕೆ ಎಂದು ಅನೇಕರು ಬಾಟಲಿ ಮುಟ್ಟುವುದಿಲ್ಲ. ವಾಸ್ತವದಲ್ಲಿ ಆ ಹೊತ್ತಿನಲ್ಲಿ ಗಂಟೆಗೆ ಒಂದು ಲೀಟರ್ ಅಥವಾ ಅದಕ್ಕೂ ಹೆಚ್ಚು ಬೆವರು ಹೋಗುತ್ತಿರಬಹುದು. ಮೂರೂವರೆ ಗಂಟೆಯ ಈ ಸಾಲವನ್ನು ದೇಹ ವಸೂಲಿ ಮಾಡುವುದು ಓಟದಲ್ಲಿ.

ನಿಮ್ಮ ಬೆವರು ಎಷ್ಟು ಎಂದು ತಿಳಿಯಲು ಪ್ರಯೋಗಾಲಯ ಬೇಡ, ಮನೆಯ ತೂಕದ ಯಂತ್ರ ಸಾಕು. ಒಂದು ಗಂಟೆಯ ಅಭ್ಯಾಸಕ್ಕೆ ಮೊದಲು ಮತ್ತು ನಂತರ, ಮೈ ಒರೆಸಿಕೊಂಡು, ಒದ್ದೆ ಬಟ್ಟೆ ಕಳಚಿ ತೂಕ ನೋಡಿ. ಮೊದಲು 70 ಕಿಲೋ, ಆಮೇಲೆ 69.2 ಕಿಲೋ, ನಡುವೆ ಅರ್ಧ ಲೀಟರ್ ಕುಡಿದಿದ್ದೀರಿ ಎಂದಾದರೆ ನಿಮ್ಮ ಬೆವರು 1.3 ಲೀಟರ್. ಬಿಸಿಲಿನಲ್ಲಿ, ಮೋಡದಲ್ಲಿ, ಸೈಕಲ್ ಮೇಲೆ, ಓಟದಲ್ಲಿ ಬೇರೆ ಬೇರೆಯಾಗಿ ನಾಲ್ಕೈದು ಸಲ ನೋಡಿ ಬರೆದಿಟ್ಟುಕೊಳ್ಳಿ. ಹೋದದ್ದನ್ನೆಲ್ಲ ಆಗಲೇ ತುಂಬಿಸಬೇಕಾಗಿಲ್ಲ. ದೇಹದ ತೂಕದ ಶೇ. 2ಕ್ಕಿಂತ ಹೆಚ್ಚು ಇಳಿಯದಂತೆ ನೋಡಿಕೊಂಡರೆ ಸಾಕು.

ಇದಕ್ಕೆ ಇನ್ನೊಂದು ಮುಖವೂ ಇದೆ. ಭಯದಿಂದ ವಿಪರೀತ ನೀರು ಕುಡಿಯುವುದೂ ಅಪಾಯ. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ 488 ಓಟಗಾರರ ರಕ್ತ ಪರೀಕ್ಷೆ ಮಾಡಿದಾಗ ಶೇ. 13 ಮಂದಿಯಲ್ಲಿ ಸೋಡಿಯಂ ಮಟ್ಟ ಇಳಿದಿತ್ತು. ಓಟದ ವೇಳೆ ತೂಕ ಹೆಚ್ಚಾದವರು, ಅಂದರೆ ಬೆವರಿದ್ದಕ್ಕಿಂತ ಹೆಚ್ಚು ಕುಡಿದವರು ಇದಕ್ಕೆ ಹೆಚ್ಚಾಗಿ ತುತ್ತಾಗಿದ್ದರು. ರಕ್ತ ನೀರಾಗಿ ಉಪ್ಪಿನ ಅಂಶ ತಗ್ಗಿದರೆ ತಲೆನೋವು, ವಾಂತಿ, ಕೈಬೆರಳು ಊದುವುದು, ಮಂಕು, ಕೊನೆಗೆ ಅಪಸ್ಮಾರ ಬರಬಹುದು. ಬಾಯಾರಿಕೆಗೆ ತಕ್ಕಂತೆ ಕುಡಿಯಿರಿ. ಹೊಟ್ಟೆಯಲ್ಲಿ ನೀರು ಕುಲುಕುತ್ತಿದ್ದರೆ ನಿಲ್ಲಿಸಿ.

ಎಳನೀರು ಒಳ್ಳೆಯದು, ಆದರೆ ಅದರಲ್ಲಿ ಪೊಟ್ಯಾಶಿಯಂ ಹೆಚ್ಚು, ಸೋಡಿಯಂ ಕಡಿಮೆ. ಬೆವರಿನಲ್ಲಿ ಹೋಗುವುದು ಮುಖ್ಯವಾಗಿ ಸೋಡಿಯಂ. ಹಾಗಾಗಿ ಎಳನೀರೊಂದನ್ನೇ ನಂಬಬೇಡಿ. ಒಆರ್‌ಎಸ್ ಪುಡಿಯನ್ನು ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಬೆರೆಸಿ. ರುಚಿಗಾಗಿ ನೀರು ಕಡಿಮೆ ಮಾಡಬೇಡಿ. ಪುಡಿ ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಮಟ್ಟ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಇದಕ್ಕೆ ನಿಂಬೆರಸ ಹಿಂಡಿದರೆ ಮನೆಯಲ್ಲೇ ತಯಾರಾದ ಪಾನೀಯ. ರಕ್ತದೊತ್ತಡ ಅಥವಾ ಮೂತ್ರಪಿಂಡದ ತೊಂದರೆ ಇರುವವರು ಉಪ್ಪಿನ ವಿಷಯದಲ್ಲಿ ವೈದ್ಯರ ಮಾತು ಕೇಳಬೇಕು.

ಆಹಾರವೂ ಸೈಕಲ್ ಮೇಲೆಯೇ ಆಗಬೇಕು. ಗಂಟೆಗೆ ಸುಮಾರು 60 ಗ್ರಾಂ ಸಕ್ಕರೆ-ಪಿಷ್ಟ ದೇಹಕ್ಕೆ ಬೇಕು. ದೊಡ್ಡ ಮೆಜೂಲ್ ಖರ್ಜೂರ ಒಂದರಲ್ಲಿ ಸುಮಾರು 18 ಗ್ರಾಂ, ಮಧ್ಯಮ ಗಾತ್ರದ ಬಾಳೆಹಣ್ಣಿನಲ್ಲಿ 27 ಗ್ರಾಂ ಇರುತ್ತದೆ. ಬೀಜ ತೆಗೆದು ಸಣ್ಣ ಪೊಟ್ಟಣದಲ್ಲಿ ಕಟ್ಟಿಕೊಂಡ ಖರ್ಜೂರ ದುಬಾರಿ ಜೆಲ್ ಪೊಟ್ಟಣಗಳಿಗೆ ಏನೂ ಕಡಿಮೆಯಲ್ಲ. ಆದರೆ ಏನೇ ತಿನ್ನುವುದಾದರೂ ಅಭ್ಯಾಸದ ದಿನಗಳಲ್ಲಿ ತಿಂದು ನೋಡಿರಬೇಕು. ಬಿಸಿಯಲ್ಲಿ ರಕ್ತ ಚರ್ಮದ ಕಡೆಗೆ, ಸ್ನಾಯುಗಳ ಕಡೆಗೆ ಹರಿಯುವುದರಿಂದ ಹೊಟ್ಟೆಗೆ ರಕ್ತ ಕಡಿಮೆ. ಹೊಸ ತಿಂಡಿಯನ್ನು ಅದು ಒಪ್ಪದೆ ವಾಂತಿಯಾಗುವುದು ಸಾಮಾನ್ಯ.

ಮೂರನೇ ಹಂತ: ನಡುಹಗಲಿನ ಓಟ

ಸೈಕಲ್ ಇಳಿದು ಓಡಲು ಹೊರಟರೆ ಕಾಲು ಮರದ ಕೊರಡಿನಂತೆ. ಇದು ಎಲ್ಲರಿಗೂ ಆಗುವುದೇ, ಹತ್ತು-ಹದಿನೈದು ನಿಮಿಷದಲ್ಲಿ ಸಡಿಲವಾಗುತ್ತದೆ. ಆದರೆ ಎದುರು ಗಾಳಿ ಈಗಿಲ್ಲ. ಡಾಂಬರು ಕೆಳಗಿನಿಂದ, ಸೂರ್ಯ ಮೇಲಿನಿಂದ ಸುಡುತ್ತಿರುತ್ತಾರೆ. ಮಾರ್ಗ ಸುತ್ತುಗಳಲ್ಲಿ ಇರುವುದರಿಂದ ಅದೇ ಏರು, ಅದೇ ಬಿಸಿಲ ತುಂಡು ಮತ್ತೆ ಮತ್ತೆ ಎದುರಾಗುತ್ತದೆ. ಒಂದು ಅನುಕೂಲವೂ ಇದೆ: ಮೊದಲ ಸುತ್ತಿನಲ್ಲೇ ನೆರಳು ಎಲ್ಲಿದೆ, ನೀರಿನ ಮೇಜು ಎಲ್ಲಿದೆ ಎಂದು ಗುರುತಿಟ್ಟುಕೊಳ್ಳಬಹುದು. ಮನೆಯವರಿಗೂ ಒಂದೇ ಜಾಗದಲ್ಲಿ ನಿಂತು ಹಲವು ಸಲ ಮುಖ ನೋಡಲು ಸಿಗುತ್ತದೆ.

ಇಲ್ಲಿ ಪಾಲಿಸಬೇಕಾದ ನಿಯಮ ಸರಳ. ತಂಪು ಬೆಳಗಿನ ಅಭ್ಯಾಸದಲ್ಲಿ ಓಡಿದ ವೇಗವನ್ನು ಇಲ್ಲಿ ನಿರೀಕ್ಷಿಸಬೇಡಿ. ಪ್ರತಿ ನೀರಿನ ಮೇಜಿನ ಬಳಿ ನಡೆಯಿರಿ. ಎರಡು ಗುಟುಕು ಬಾಯಿಗೆ, ಉಳಿದದ್ದು ತಲೆಗೆ, ಕುತ್ತಿಗೆಗೆ, ತೋಳಿಗೆ. ಮಂಜುಗಡ್ಡೆ ಸಿಕ್ಕರೆ ಟೋಪಿಯೊಳಗೆ, ಕುತ್ತಿಗೆಯ ಬಟ್ಟೆಯೊಳಗೆ ಇಟ್ಟುಕೊಳ್ಳಿ. ಬಿಸಿಲಿದ್ದೂ ಮೈ ಜುಮ್ಮೆಂದು ರೋಮ ನಿಮಿರಿದರೆ, ಚಳಿಯಾದಂತೆ ಅನಿಸಿದರೆ, ಕಣ್ಣು ಮಂಜಾದರೆ ಅದು ದೇಹದ ಕೊನೆಯ ಎಚ್ಚರಿಕೆ. ಅಲ್ಲಿಗೆ ನಿಲ್ಲಿಸಬೇಕು. ಸ್ಪರ್ಧೆ ಮುಂದಿನ ವರ್ಷವೂ ಇರುತ್ತದೆ.

ನೋವಿನ ಮಾತ್ರೆಗಳ ಬಗ್ಗೆ ಒಂದು ಮಾತು. ಕಾಲುನೋವಿಗೆಂದು ಮೊದಲೇ ಐಬುಪ್ರೊಫೆನ್, ಡೈಕ್ಲೊಫೆನಾಕ್ ನುಂಗಿ ಓಡುವ ಅಭ್ಯಾಸ ಕೆಲವರಲ್ಲಿದೆ. ನೀರು ಕಡಿಮೆಯಾದ ದೇಹದಲ್ಲಿ ಇವು ಮೂತ್ರಪಿಂಡಕ್ಕೆ ಹಾನಿ ಮಾಡಬಲ್ಲವು. ನೆಗಡಿಯ ಕೆಲವು ಮಾತ್ರೆಗಳು, ಮೂತ್ರ ಹೆಚ್ಚಿಸುವ ರಕ್ತದೊತ್ತಡದ ಮಾತ್ರೆಗಳು ಬಿಸಿ ತಾಳುವ ಶಕ್ತಿಯನ್ನು ಕುಗ್ಗಿಸುತ್ತವೆ. ನೀವು ಸೇವಿಸುವ ಔಷಧಿಗಳ ಪಟ್ಟಿಯನ್ನು ವೈದ್ಯರಿಗೆ ತೋರಿಸಿ. ಹಿಂದಿನ ವಾರ ಜ್ವರ ಅಥವಾ ಭೇದಿ ಆಗಿದ್ದರೆ ಆರಂಭದ ಗೆರೆಯ ಬಳಿಗೂ ಹೋಗಬೇಡಿ.

ಉಷ್ಣಾಘಾತ: ಮೊದಲು ತಂಪು, ಆಮೇಲೆ ಆಸ್ಪತ್ರೆ

ಈ ಭಾಗವನ್ನು ಸ್ಪರ್ಧಿಗಿಂತ ಹೆಚ್ಚಾಗಿ ರಸ್ತೆ ಬದಿಯಲ್ಲಿ ಕಾಯುವ ಮನೆಯವರು ಓದಬೇಕು. ಏಕೆಂದರೆ ಉಷ್ಣಾಘಾತಕ್ಕೆ ಒಳಗಾದವರಿಗೆ ತಮಗೇನಾಗುತ್ತಿದೆ ಎಂಬ ಅರಿವು ಇರುವುದಿಲ್ಲ.

ದೇಹದ ಒಳಗಿನ ಉಷ್ಣಾಂಶ 40 ಡಿಗ್ರಿ ದಾಟಿ, ಮೆದುಳಿನ ಮೇಲೆ ಪರಿಣಾಮ ಆರಂಭವಾದರೆ ಅದೇ ಉಷ್ಣಾಘಾತ. ಮೈ ಒಣಗಿರುತ್ತದೆ ಎಂದು ನಾವು ಶಾಲೆಯಲ್ಲಿ ಓದಿದ್ದೇವೆ. ಬಿಸಿಲಲ್ಲಿ ಸುಮ್ಮನೆ ಕುಳಿತ ವೃದ್ಧರಲ್ಲಿ ಹಾಗಿರಬಹುದು. ಓಡುವವರಲ್ಲಿ ಮೈತುಂಬ ಬೆವರಿದ್ದರೂ ಉಷ್ಣಾಘಾತ ಆಗಿರುತ್ತದೆ. ಆದ್ದರಿಂದ ಚರ್ಮವನ್ನಲ್ಲ, ನಡತೆಯನ್ನು ನೋಡಿ. ತೂರಾಡುವ ಹೆಜ್ಜೆ, ತೊದಲು ಮಾತು, ಕಾರಣವಿಲ್ಲದ ಸಿಟ್ಟು, ಎದುರಿಗಿದ್ದವರನ್ನು ಗುರುತಿಸದಿರುವುದು. ಅನುಮಾನ ಬಂದರೆ ಮೂರು ಪ್ರಶ್ನೆ ಕೇಳಿ: "ನಿನ್ನ ಹೆಸರೇನು? ಈಗ ಎಲ್ಲಿದ್ದೀಯ? ಇದು ಎಷ್ಟನೇ ಸುತ್ತು?" ಒಂದಕ್ಕೆ ತಪ್ಪಿದರೂ ಓಟ ಅಲ್ಲಿಗೆ ಮುಗಿಯಿತು. "ಇನ್ನು ಎರಡೇ ಕಿಲೋಮೀಟರ್, ಮುಗಿಸಿಬಿಡು" ಎಂದು ಹುರಿದುಂಬಿಸುವ ಹೊತ್ತು ಅದಲ್ಲ.

ಕೂಡಲೇ ಸ್ವಯಂಸೇವಕರನ್ನು, ವೈದ್ಯಕೀಯ ತಂಡವನ್ನು ಕೂಗಿ ಕರೆಯಿರಿ. ಯಾರೂ ಹತ್ತಿರ ಇಲ್ಲದಿದ್ದರೆ 108ಕ್ಕೆ ಕರೆ ಮಾಡಿ. ಅವರು ಬರುವ ತನಕ ಕೈಕಟ್ಟಿ ನಿಲ್ಲಬೇಡಿ. ನೆರಳಿಗೆ ಒಯ್ದು, ಹೆಚ್ಚಿನ ಬಟ್ಟೆ ಸಡಿಲಿಸಿ, ಕುತ್ತಿಗೆವರೆಗೆ ಮಂಜುಗಡ್ಡೆ ನೀರಿನ ತೊಟ್ಟಿಯಲ್ಲಿ ಕೂರಿಸುವುದು ಅತ್ಯುತ್ತಮ ಚಿಕಿತ್ಸೆ. ತಲೆ ನೀರಿನಿಂದ ಮೇಲಿರುವಂತೆ ಒಬ್ಬರು ಹಿಡಿದುಕೊಂಡೇ ಇರಬೇಕು. ತೊಟ್ಟಿ ಇಲ್ಲದಿದ್ದರೆ ತಣ್ಣೀರಿನಲ್ಲಿ ಅದ್ದಿದ ಟವೆಲ್‌ಗಳನ್ನು ಮೈಪೂರ್ತಿ ಹೊದಿಸಿ, ಬೆಚ್ಚಗಾದೊಡನೆ ಬದಲಿಸುತ್ತಿರಿ. ಕುತ್ತಿಗೆ, ಕಂಕುಳು, ತೊಡೆಸಂದಿಗೆ ಮಂಜುಗಡ್ಡೆ ಇಡಿ, ಗಾಳಿ ಬೀಸಿ. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹಾಕಬೇಡಿ. ಪ್ಯಾರಾಸಿಟಮಾಲ್‌ನಿಂದ ಈ ಬಿಸಿ ಇಳಿಯದು, ಇದು ಜ್ವರವಲ್ಲ.

ಬಿದ್ದವರು ಹೆಣ್ಣುಮಕ್ಕಳಾದರೆ ಜನರ ನಡುವೆ ಬಟ್ಟೆ ಸಡಿಲಿಸಲು ನಮ್ಮವರು ಹಿಂಜರಿಯುತ್ತಾರೆ. ಆ ಹಿಂಜರಿಕೆಯಲ್ಲಿ ಹೋಗುವ ಹತ್ತು ನಿಮಿಷ ಜೀವದ ಬೆಲೆಯದ್ದು. ಜೊತೆಗೆ ಹೋಗುವಾಗಲೇ ಎರಡು ದೊಡ್ಡ ಬೆಡ್‌ಶೀಟ್ ಒಯ್ಯಿರಿ. ಇಬ್ಬರು ಮಹಿಳೆಯರು ಮರೆ ಹಿಡಿದರೆ ಮೂರನೆಯವರು ತಂಪು ಮಾಡಬಹುದು. ಹೆಚ್ಚು ಜನ ಇಲ್ಲದಿದ್ದರೆ ಬಟ್ಟೆಯ ಮೇಲೆಯೇ ಧಾರಾಳ ತಣ್ಣೀರು ಸುರಿಯಿರಿ, ಕಾಯಬೇಡಿ.

ಇಷ್ಟು ಮಾಡಿದರೆ ಉಳಿಯುತ್ತಾರೆಯೇ? ಉಳಿಯುತ್ತಾರೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಫಾಲ್ಮತ್ ಎಂಬಲ್ಲಿ ಪ್ರತಿ ಆಗಸ್ಟ್‌ನ ಬಿಸಿಯಲ್ಲಿ ಸುಮಾರು 11 ಕಿ.ಮೀ. ಓಟ ನಡೆಯುತ್ತದೆ. ಅಲ್ಲಿ 18 ವರ್ಷಗಳಲ್ಲಿ ಉಷ್ಣಾಘಾತಕ್ಕೆ ಒಳಗಾದ 274 ಮಂದಿಯನ್ನು ಕೂಡಲೇ ತಣ್ಣೀರಿನ ತೊಟ್ಟಿಯಲ್ಲಿ ಮುಳುಗಿಸಿ ಚಿಕಿತ್ಸೆ ನೀಡಲಾಯಿತು. 2015ರಲ್ಲಿ ಪ್ರಕಟವಾದ ಆ ದಾಖಲೆಯ ಪ್ರಕಾರ ಒಬ್ಬರೂ ಸಾಯಲಿಲ್ಲ. ಅರ್ಧ ಗಂಟೆಯೊಳಗೆ ಮೈ ತಣಿಸಿದರೆ ಉಷ್ಣಾಘಾತ ಗೆಲ್ಲಬಹುದಾದ ಕಾಯಿಲೆ. ನೋಂದಣಿಗೆ ಮೊದಲು ಆಯೋಜಕರಿಗೆ ಈ ಪ್ರಶ್ನೆ ಬರೆದು ಕೇಳಿ: "ಓಟದ ಕೊನೆಯಲ್ಲಿ ಮಂಜುಗಡ್ಡೆ ತೊಟ್ಟಿ ಇದೆಯೇ?" ಊರಿನ ಸಂಘಗಳು ಸಣ್ಣ ಮಟ್ಟದ ಓಟ ನಡೆಸುವಾಗಲೂ ಮೀನು ಮಾರುಕಟ್ಟೆಯಿಂದ ನಾಲ್ಕು ಚೀಲ ಮಂಜುಗಡ್ಡೆ, ಒಂದು ಪ್ಲಾಸ್ಟಿಕ್ ತೊಟ್ಟಿ ತಂದಿಡುವುದು ದೊಡ್ಡ ಖರ್ಚಲ್ಲ.

ದೇಹಕ್ಕೆ ಬಿಸಿಲನ್ನು ಕಲಿಸಿ

ಬಿಸಿ ತಾಳುವ ಶಕ್ತಿಯನ್ನು ಕಲಿಯಬಹುದು. ಹತ್ತರಿಂದ ಹದಿನಾಲ್ಕು ದಿನ, ದಿನಕ್ಕೆ ಒಂದರಿಂದ ಒಂದೂವರೆ ಗಂಟೆ ಬಿಸಿಯಲ್ಲಿ ಹಗುರ ವ್ಯಾಯಾಮ ಮಾಡಿದರೆ ರಕ್ತದ ನೀರಿನ ಅಂಶ ಹೆಚ್ಚುತ್ತದೆ, ಬೆವರು ಬೇಗ ಆರಂಭವಾಗುತ್ತದೆ, ಬೆವರಿನಲ್ಲಿ ಉಪ್ಪು ಕಡಿಮೆಯಾಗುತ್ತದೆ, ಎದೆಬಡಿತ ಇಳಿಯುತ್ತದೆ. ಮೊದಲ ದಿನ ಇಪ್ಪತ್ತು ನಿಮಿಷದಿಂದ ಶುರುಮಾಡಿ, ದಿನಕ್ಕಿಷ್ಟು ಹೆಚ್ಚಿಸಿ. ಒಬ್ಬರೇ ಹೋಗಬೇಡಿ. ನಿಲ್ಲಿಸಿದರೆ ಕೆಲವೇ ವಾರಗಳಲ್ಲಿ ಈ ಲಾಭ ಕರಗುತ್ತದೆ. ಆದ್ದರಿಂದ ಇದನ್ನು ಸ್ಪರ್ಧೆಯ ಮುಂಚಿನ ವಾರಗಳಿಗೆ ಇಟ್ಟುಕೊಳ್ಳಿ.

ಬೆಂಗಳೂರಿನ ತಂಪಿನಲ್ಲಿ ಅಭ್ಯಾಸ ಮಾಡಿದವರಿಗೆ ಇದು ಕಡ್ಡಾಯ. ಗಲ್ಫ್‌ನಲ್ಲಿ ಇರುವ ನಮ್ಮ ಮಕ್ಕಳು "ನಮಗೆ ಬಿಸಿಲು ಹೊಸದೇ?" ಎನ್ನುವುದುಂಟು. ಎಸಿ ಮನೆ, ಎಸಿ ಕಾರು, ಎಸಿ ಕಚೇರಿ, ಸಂಜೆ ಎಸಿ ಜಿಮ್. ದುಬೈಯಲ್ಲಿ ಇದ್ದರೂ ಅವರ ದೇಹ ಬಿಸಿಲನ್ನು ಕಂಡಿರುವುದಿಲ್ಲ. ರಜೆಯಲ್ಲಿ ಊರಿಗೆ ಬಂದು ಮೂರನೇ ದಿನಕ್ಕೆ ಸ್ಪರ್ಧೆಗೆ ಇಳಿಯುವುದು ಸರಿಯಲ್ಲ. ಹಿಂದಿನ ರಾತ್ರಿ ಬಸ್ಸಿನಲ್ಲಿ ಕುಳಿತು, ನಿದ್ದೆಗೆಟ್ಟು ಬೆಳಗ್ಗೆ ನೀರಿಗಿಳಿಯುವುದೂ ಅಷ್ಟೇ ಅಪಾಯ. ಎರಡು ದಿನ ಮೊದಲೇ ತಲುಪಿ.

ಉಡುಪು, ಚರ್ಮ, ಶುಚಿತ್ವ

ಮೈ ಪೂರ್ತಿ ಮುಚ್ಚುವ ಉಡುಪಿನಲ್ಲಿ ಇದು ಸಾಧ್ಯವೇ ಎಂದು ಸಹೋದರಿಯರು ಕೇಳುತ್ತಾರೆ. ಸಾಧ್ಯ. ಅಮೆರಿಕದ ಖದೀಜಾ ಡಿಗ್ಸ್ ಹಿಜಾಬ್ ಧರಿಸಿಯೇ ದೀರ್ಘ ದೂರದ ಟ್ರಯಥ್ಲಾನ್‌ನಲ್ಲಿ ತಮ್ಮ ದೇಶದ ತಂಡದಲ್ಲಿ ಸ್ಪರ್ಧಿಸಿದ್ದಾರೆ. ಬಟ್ಟೆಯ ಆಯ್ಕೆ ಮುಖ್ಯ. ಹತ್ತಿ ಬಟ್ಟೆ ನೀರು ಹೀರಿ ಭಾರವಾಗಿ ಉಜ್ಜುತ್ತದೆ. ಬೇಗ ಒಣಗುವ ತೆಳು ಕ್ರೀಡಾಬಟ್ಟೆ, ತಿಳಿ ಬಣ್ಣ, ಸ್ವಲ್ಪ ಸಡಿಲ ಇರಲಿ. ತಲೆವಸ್ತ್ರಕ್ಕೆ ಪಿನ್ನು ಬೇಡ. ಹೆಲ್ಮೆಟ್ ಅಡಿಯಲ್ಲಿ ಕೂರುವಂಥ ಒಂದೇ ಪದರದ ಕ್ರೀಡಾ ಹಿಜಾಬ್ ಸಾಕು. ಅದನ್ನು ಆಗಾಗ ನೀರಿನಲ್ಲಿ ತೋಯಿಸಿಕೊಂಡರೆ ಬಿಸಿಲ ತಡೆಯೂ ಹೌದು, ತಂಪೂ ಹೌದು. ಈಜಿನ ಪೂರ್ಣ ಉಡುಪಿಗೆ ನಿಯಮದಲ್ಲಿ ಅವಕಾಶವಿದೆಯೇ ಎಂದು ಆಯೋಜಕರಿಂದ ಮೊದಲೇ ಬರಹದಲ್ಲಿ ಉತ್ತರ ಪಡೆಯಿರಿ.

ಮಹಿಳೆಯರು ಇನ್ನೊಂದು ಪರೀಕ್ಷೆ ಮಾಡಿಸಬೇಕು: ಹಿಮೋಗ್ಲೋಬಿನ್. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ-5ರ ಪ್ರಕಾರ ನಮ್ಮ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 57 ಮಂದಿಗೆ ರಕ್ತಹೀನತೆ ಇದೆ. ಅಭ್ಯಾಸ ಮಾಡಿದಷ್ಟೂ ಸುಸ್ತು ಹೆಚ್ಚುತ್ತಿದ್ದರೆ ಅದು ಸೋಮಾರಿತನವಲ್ಲ, ಕಬ್ಬಿಣದ ಕೊರತೆ ಇರಬಹುದು. ಮುಟ್ಟಿನ ದಿನಗಳಲ್ಲಿ ಸ್ಪರ್ಧೆ ಬಂದರೆ ನೀರಿನಲ್ಲಿ ಪ್ಯಾಡ್ ಪ್ರಯೋಜನಕ್ಕೆ ಬಾರದು. ಬೇರೆ ಸಾಧನಗಳ ಬಗ್ಗೆ ವೈದ್ಯೆಯ ಸಲಹೆ ಪಡೆದು, ಮೊದಲೇ ಬಳಸಿ ಅಭ್ಯಾಸವಿರಲಿ.

ಎಂಟು ಗಂಟೆ ಒದ್ದೆ ಬಟ್ಟೆಯಲ್ಲಿದ್ದರೆ ತೊಡೆಸಂದಿ, ಕಂಕುಳು, ಕುತ್ತಿಗೆ ಉಜ್ಜಿ ಸುಲಿಯುತ್ತದೆ. ಆ ಜಾಗಗಳಿಗೆ ಮೊದಲೇ ವ್ಯಾಸಲೀನ್ ಹಚ್ಚಿ. ಸೈಕಲ್ ಏರುವ ಮೊದಲು ಪಾದದ ಮರಳನ್ನು ಬಾಟಲಿ ನೀರಿನಿಂದ ತೊಳೆದು ಒರೆಸಿ. ಒಂದು ಕಾಳು ಮರಳು ಶೂ ಒಳಗಿದ್ದರೆ ಓಟದ ಹೊತ್ತಿಗೆ ಗುಳ್ಳೆ ಎದ್ದಿರುತ್ತದೆ. ಮುಗಿದ ಕೂಡಲೇ ಸಿಹಿನೀರಿನಲ್ಲಿ ಸ್ನಾನ ಮಾಡಿ, ಬೆರಳ ಸಂದುಗಳನ್ನು ಒಣಗಿಸಿ, ಒಣ ಬಟ್ಟೆ ಧರಿಸಿ. ಒದ್ದೆ ಬಟ್ಟೆಯಲ್ಲೇ ಪ್ರಯಾಣಿಸಿದರೆ ಹುಳುಕಡ್ಡಿ ಖಚಿತ. ಕಿವಿಗೆ ನೀರು ಹೋಗಿದ್ದರೆ ತಲೆ ವಾಲಿಸಿ ಹರಿಯಬಿಡಿ, ಕಡ್ಡಿ ಹಾಕಬೇಡಿ. ಸಿಹಿ ಪಾನೀಯ ತುಂಬಿದ ಬಾಟಲಿಗಳ ಮುಚ್ಚಳದಲ್ಲಿ ಎರಡೇ ದಿನದಲ್ಲಿ ಬೂಷ್ಟು ಬೆಳೆಯುತ್ತದೆ. ಬಿಸಿನೀರು, ಸೋಪು, ಬ್ರಷ್ ಹಾಕಿ ತೊಳೆದು ತಲೆಕೆಳಗಾಗಿ ಒಣಗಿಸಿ. ಒಬ್ಬರ ಬಾಟಲಿಗೆ ಇನ್ನೊಬ್ಬರು ಬಾಯಿ ಇಡುವುದು ಬೇಡ.

ಮುಗಿದ ನಂತರದ ಗಂಟೆಗಳು

ಪದಕ ಕೊರಳಿಗೆ ಬಿದ್ದ ಕೂಡಲೇ ಕುಸಿದು ಕೂರಬೇಡಿ. ಹತ್ತು ನಿಮಿಷ ನಡೆಯಿರಿ. ಓಡುವಾಗ ಕಾಲಿನ ಸ್ನಾಯುಗಳು ರಕ್ತವನ್ನು ಮೇಲಕ್ಕೆ ತಳ್ಳುತ್ತಿರುತ್ತವೆ. ಥಟ್ಟನೆ ನಿಂತರೆ ರಕ್ತ ಕಾಲಲ್ಲೇ ಉಳಿದು ತಲೆಸುತ್ತುತ್ತದೆ. ನಿಧಾನವಾಗಿ ಕುಡಿಯಿರಿ. ಉಪ್ಪು ಹಾಕಿದ ಗಂಜಿ, ಮಜ್ಜಿಗೆ, ಮೊಟ್ಟೆ, ಅನ್ನ-ಸಾರು, ಹೊಟ್ಟೆ ಒಪ್ಪಿದ್ದು ತಿನ್ನಿ. ಅಂದು ಮೂತ್ರ ತಿಳಿ ಹಳದಿಗೆ ಮರಳುವ ತನಕ ಗಮನವಿರಲಿ. ಮೂತ್ರ ಕಡು ಕಂದು ಬಣ್ಣವಾಗಿ, ಸ್ನಾಯುಗಳು ಊದಿ ವಿಪರೀತ ನೋಯುತ್ತಿದ್ದರೆ ಸ್ನಾಯು ಕರಗಿ ಮೂತ್ರಪಿಂಡಕ್ಕೆ ಹೊರೆಯಾಗಿರುವ ಸೂಚನೆ. ಆ ರಾತ್ರಿಯೇ ಆಸ್ಪತ್ರೆಗೆ ಹೋಗಬೇಕು. ಅಂದು ಸ್ಪರ್ಧಿಸಿದವರು ಕಾರು ಓಡಿಸಿಕೊಂಡು ಊರಿಗೆ ಮರಳುವುದು ಬೇಡ, ಬೇರೊಬ್ಬರು ಓಡಿಸಲಿ.

ಇದೆಲ್ಲ ಓದಿ ಹೆದರಿ ಹಿಂಜರಿಯಬೇಕೆಂದಲ್ಲ. ದಿನವೂ ಬೆಳಿಗ್ಗೆ ಅರ್ಧ ಗಂಟೆ ನಡೆಯುವವರೂ, ಮೈದಾನದಲ್ಲಿ ಆಡುವ ಮಕ್ಕಳೂ, ಬಿಸಿಲಿನಲ್ಲಿ ಕೂಲಿ ಮಾಡುವವರೂ ಎದುರಿಸುವುದು ಇದೇ ಬಿಸಿಯನ್ನು. ಸ್ಪರ್ಧೆಗೆ ಹೋಗುವವರು ಒಂದು ವರ್ಷ ಸಮಯ ತೆಗೆದುಕೊಳ್ಳಿ. ಮೊದಲು ಸಣ್ಣ ದೂರ ಮುಗಿಸಿ, ವೈದ್ಯರನ್ನು ಕಾಣಿ, ಕಡಲಿನಲ್ಲಿ ಜೊತೆಗಾರರೊಂದಿಗೆ ಈಜಿ, ಬಿಸಿಲನ್ನು ದೇಹಕ್ಕೆ ಕಲಿಸಿ. ಮನೆಯವರು ಆ ಮೂರು ಪ್ರಶ್ನೆಗಳನ್ನು ಬಾಯಿಪಾಠ ಮಾಡಿಕೊಳ್ಳಿ, ಕೈಚೀಲದಲ್ಲಿ ಎರಡು ಟವೆಲ್, ಎರಡು ಬೆಡ್‌ಶೀಟ್, ಒಆರ್‌ಎಸ್ ಪೊಟ್ಟಣ ಇಟ್ಟುಕೊಳ್ಳಿ. ನಡುವೆ ನಿಲ್ಲಿಸಿ ಬಂದವರನ್ನು ಯಾರೂ ಗೇಲಿ ಮಾಡಬೇಡಿ. ಸರಿಯಾದ ಹೊತ್ತಿಗೆ ನಿಲ್ಲಿಸುವ ವಿವೇಕವೂ ತಯಾರಿಯ ಒಂದು ಭಾಗ.